ಸುಮ್ಮನಿರದ ಕೈ

ನಮ್ಮ ಮನೆಯಲ್ಲಿ ಇಬ್ಬರದೂ ಕತ್ತರಿಸುವ ಕಸುಬು. ನಾನು ಟೈಲರ್, ಬಟ್ಟೆ ಕತ್ತರಿಸುತ್ತೇನೆ. ಅಕ್ಕ ಸಸ್ಯಗಳ ಪ್ರಯೋಗಾಲಯದಲ್ಲಿ ಎಲೆ ಕತ್ತರಿಸುತ್ತಾಳೆ. ನಾನು ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ, ಅವಳದು ಬೆಳೆಯುತ್ತದೆ. ಇದೊಂದಕ್ಕೆ ಅವಳಿಗಿರುವ ಜಂಬ ಹೇಳತೀರದು.

ಅವಳ ಕೈ ಸುಮ್ಮನಿರುವಂಥದ್ದಲ್ಲ. ಬೀದಿ ನಾಯಿ, ಪಕ್ಕದ ಮನೆ ಮಗು, ಅಂಗಡಿಗೆ ಬಂದ ಹೊಸ ಬಟ್ಟೆ, ಏನು ಕಂಡರೂ ಸವರಬೇಕು. ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಆಗ ನನ್ನ ತಲೆಯೂ ಆ ಕೈಗೆ ಸಿಕ್ಕಿತ್ತು. ಮೀಸೆ ಚಿಗುರಿದ ಮೇಲೆ "ಕ್ರಾಪ್ ಕೆಡುತ್ತೆ ಬಿಡೇ" ಅಂತ ತಪ್ಪಿಸಿಕೊಳ್ಳುವುದನ್ನು ಕಲಿತೆ. ಈಗ ಕ್ರಾಪೇ ಇಲ್ಲ, ಆದರೂ ತಪ್ಪಿಸಿಕೊಳ್ಳುವ ಚಾಳಿ ಹೋಗಿಲ್ಲ.

ಅವಳ ಕೆಲಸ ಇಷ್ಟು. ಬಲಿತ ಎಲೆಯಲ್ಲಿ, ಜೀವಕೋಶ ಒಂದು ಎರಡಾಗಲು ಅಪ್ಪಣೆ ಕೊಡುವ ಜೀನುಗಳು ಮಲಗಿರುತ್ತವೆ. ಅವನ್ನು ಎಬ್ಬಿಸಲು ಹಾರ್ಮೋನು ಒಂದೇ ಸಾಕೇ, ಗಾಯವೂ ಬೇಕೇ? ಗಾಯವೂ ಬೇಕು ಅನ್ನುವುದು ಅಕ್ಕನ ವಾದ. ಬಣ್ಣದ ಪರೀಕ್ಷೆಯಲ್ಲಿ ಎಲೆಯ ಹಸಿರೆಲ್ಲ ತೊಳೆದುಹೋಗಿ, ಜೀನು ಎದ್ದ ಜಾಗ ಮಾತ್ರ ನೀಲಿಯಾಗುವಂಥ ಗಿಡಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸಿದ್ದಳು. ಎರಡಕ್ಕೂ ಹಾರ್ಮೋನು ಕೊಟ್ಟು, ಒಂದರ ಎಲೆಗಳನ್ನು ಮಾತ್ರ ಕತ್ತರಿಸಿದಳು. ಕತ್ತರಿಸದ ಎಲೆ ಬೆಳ್ಳಗೆ ಉಳಿದರೆ ಅವಳು ಗೆದ್ದಳು.

ಉಳಿಯಲಿಲ್ಲ. ಅವುಗಳ ಮೇಲೂ ನೀಲಿ ಚುಕ್ಕೆ. ಮತ್ತೆ ಮಾಡಿದಳು, ಮತ್ತೆ ಅದೇ ಚುಕ್ಕೆ. "ಇನ್ನೊಂದೇ ಸಲ ನೋಡೋಣ. ಆಗಲೂ ಹೀಗೇ ಬಂದ್ರೆ ಈ ಕೆಲಸ ಕೈಬಿಡೋಣಮ್ಮ" ಅಂದರಂತೆ ಅಲ್ಲಿನ ದೊಡ್ಡ ಮೇಡಂ. ಇಷ್ಟು ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವುದರಲ್ಲಿತ್ತು. ಅಕ್ಕನ ಮುಖ ಇಷ್ಟೇ ಇಷ್ಟಾಯಿತು. ನನಗೂ ಊಟ ಸೇರಲಿಲ್ಲ.

ಮರುದಿನ ಅವಳು ಅಂಗಡಿಗೆ ಬಂದು ಹೊಲಿಗೆ ಮಿಷನ್ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಗಿರಾಕಿಯೊಬ್ಬರು ತಮ್ಮ ಮಖಮಲ್ ಕೋಟನ್ನು ಆಸೆಯಿಂದ ಸವರುತ್ತಿದ್ದರು. ನನಗೆ ರೇಗಿತು.

"ಸ್ವಾಮಿ, ಮುಟ್ಟಬೇಡಿ! ನೀವು ಮುದ್ದು ಮಾಡ್ತಿದ್ದೀರಿ, ಅದಕ್ಕೆ ಪೆಟ್ಟಾಗ್ತಿದೆ. ನೋಡಿ, ಬೆರಳಿನ ಗುರುತು ಹೇಗೆ ಕೂತಿದೆ!"

ಅಕ್ಕ ದಡಕ್ಕನೆ ಎದ್ದಳು.

"ಲೋ, ನಾನೂ ಅದೇ ಮಾಡ್ತಿದ್ದೆ ಕಣೋ!"

"ಏನು?"

"ಒಂದು ತಟ್ಟೆಗೆ ಕತ್ತರಿ ಹಾಕೋವಾಗ ಕರುಳು ಚುರ್ ಅನ್ನುತ್ತೆ. ಅದಕ್ಕೇ ಇನ್ನೊಂದು ತಟ್ಟೆ ಎಲೆಗಳನ್ನ ದಿನಾ ಹತ್ತಿಯಿಂದ ಒರೆಸಿ, ಸವರಿ ಬರ್ತಿದ್ದೆ. ನೀವಾದ್ರೂ ಸುಖವಾಗಿರಿ ಅಂತ. ಆ ಎಲೆ ಮೇಲೆಲ್ಲ ಸಣ್ಣ ಕೂದಲಿರುತ್ತೆ ಕಣೋ. ಒರೆಸಿದ್ರೆ ಮುರಿಯಲ್ವಾ? ಅದೂ ಗಾಯಾನೇ!"

ಗಿರಾಕಿ ಕೋಟು ಬಿಟ್ಟು ಅವಳನ್ನೇ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತಿಯಾದರೆ ಅಮೃತವೂ ವಿಷ ಅನ್ನುವುದು ಎಲೆಗೂ ಗೊತ್ತು, ನಮ್ಮಕ್ಕನಿಗೆ ಗೊತ್ತಿರಲಿಲ್ಲ.

ಕೊನೆಯ ಸಲದ ಗಿಡಗಳ ಮುಂದೆ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡಿದಳು. ಮನೆಗೆ ಬಂದು ದಿಂಬು ಸವರುತ್ತಿದ್ದಳು, ಪಾಪ.

ಪರೀಕ್ಷೆಯ ದಿನ ನನ್ನನ್ನೂ ಎಳೆದುಕೊಂಡು ಹೋದಳು. "ನನಗೆ ಧೈರ್ಯ ಇಲ್ಲ, ನೀನೇ ಮೊದಲು ನೋಡು" ಅಂದಳು. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕತ್ತರಿಸಿದ ಎಲೆಯ ಅಂಚಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ ಹಾಗಿತ್ತು. ಇನ್ನೊಂದು ಎಲೆ ಹೊಸ ಮಲ್ ಬಟ್ಟೆಯಷ್ಟು ಬಿಳಿ. ಒಂದು ಚುಕ್ಕೆಯೂ ಇಲ್ಲ.

"ಗೆದ್ದೆ ಕಣೇ ಅಕ್ಕ!"

ಅವಳೂ ನೋಡಿದಳು, ಅತ್ತಳು, ನಕ್ಕಳು. ಖುಷಿ ತಡೆಯಲಾರದೆ ಉಳಿದ ಗಿಡಗಳ ಕಡೆ ಕೈ ಚಾಚಿದಳು. ಪಕ್ಕದಲ್ಲೇ ನಿಂತಿದ್ದ ದೊಡ್ಡ ಮೇಡಂ ಮತ್ತು ನಾನು ಒಟ್ಟಿಗೇ ಕಿರುಚಿದೆವು: "ಮುಟ್ಟಬೇಡ!"

ಕೈ ಅರ್ಧದಲ್ಲೇ ನಿಂತಿತು. ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ನನ್ನ ಮುಖ ನೋಡಿದಳು.

ನಾನು ಬಗ್ಗಿ ನನ್ನ ಬೋಳು ತಲೆಯನ್ನು ಅವಳ ಕೈ ಕೆಳಗೆ ಒಡ್ಡಿದೆ.