ಒಣಗದ ಅಚ್ಚು

ಇದನ್ನು ಹೇಳಬೇಕೆಂದು ಹಲವು ಸಲ ಕುಳಿತಿದ್ದೇನೆ. ಪ್ರತಿ ಸಲವೂ ಕನ್ನಡಕ ಒರೆಸಿಕೊಂಡು ಎದ್ದುಬಿಟ್ಟಿದ್ದೇನೆ. ಮೊನ್ನೆ ಭಾಲ್ಕಿಯಲ್ಲಿ ನನ್ನ ತಂಗಿಯ ಮೊಮ್ಮಗನ ಟ್ರ್ಯಾಕ್ಟರ್ ಟ್ರಾಲಿಯ ಗಾಲಿ ಬಿಚ್ಚಿದ್ದರು. ಮಿಸ್ತ್ರಿ ಬೇರಿಂಗಿಗೆ ಗ್ರೀಸ್ ಮೆತ್ತದೆ, ಗಾಲಿಯ ನಡುವಿನ ಗುಂಬಕ್ಕೆ ತೆಳು ಎಣ್ಣೆ ಹೊಯ್ದು, ಮೇಲೆ ಗಾಜಿನ ಮುಚ್ಚಳ ತಿರುಪಿದ.

"ಗ್ರೀಸ್ ಯಾಕ ಬ್ಯಾಡೋ?" ಎಂದೆ.

"ಎಣ್ಣಿ ಆದ್ರ ಗಾಲಿ ತಿರಗಿದಂಗ ತಾನೇ ಒಳಗೆಲ್ಲ ಹತ್ತತದ್ರಿ ಮುತ್ಯಾ. ಎಣ್ಣಿ ಅದನೋ ಇಲ್ಲೋ ಹೊರಗಿಂದೇ ಕಾಣತದ. ಸುಳ್ಳ ಹೇಳಕ ಬರಲ್ಲ."

ಅವನು ಹೇಳಿದ್ದು ಟ್ರಾಲಿಯ ಮಾತು. ನಾನು ಮಾತ್ರ ಅಲ್ಲೇ ಕಲ್ಲಿನ ಮೇಲೆ ಕುಳಿತೆ.

ಎತ್ತಿನ ಗಾಡಿಗೆ ಒಂದು ದನಿ ಇರುತ್ತಿತ್ತು, ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಭಾತಂಬ್ರಾದಲ್ಲಿ ಅಪ್ಪನ ಗಾಡಿಯ ಕಿರುಗುಟ್ಟುವಿಕೆ ಕೇಳಿಯೇ ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದಳು. ಎಲ್ಲರೂ ಅಚ್ಚಿಗೆ ಹುಲ್ಲಿನ ಬೂದಿ ಕಲಸಿದ ದಪ್ಪ ಎಣ್ಣೆ ಬಳಿಯುತ್ತಿದ್ದರು. ನಮ್ಮೂರಿನ ಗಾಡಿ ಬಡಗಿ ಚಾಚಾನ ರೀತಿ ಬೇರೆ. ತಿಳಿಯಾದ ಔಡಲೆಣ್ಣೆಯಲ್ಲಿ ಅರಿವೆ ತೊಯ್ಸಿ ಗುಂಬದೊಳಗೆ ತುರುಕುವನು. ಗಾಡಿ ಮೂಕಾಗುತ್ತಿತ್ತು. ನಿಂತಲ್ಲಿ ಒಂದೊಂದೇ ಹನಿ ಬೀಳುತ್ತಿತ್ತು, ಅಷ್ಟೇ.

ಹೈದರಾಬಾದ್ ಸಂಸ್ಥಾನದ ಕೊನೆಯ ಹಾವಳಿಯ ದಿನಗಳಲ್ಲಿ ಅವ್ವ, ತಂಗಿ, ನಮ್ಮ ಅಜ್ಜಿ ಆಯಿ ಮೂವರನ್ನೂ ಗಡಿಯಾಚೆ ಮುಟ್ಟಿಸಬೇಕಾಯಿತು. ದಾರಿಯ ನಾಕಾದಲ್ಲಿ ಬಂದೂಕಿನವರಿದ್ದರು. ಚಾಚಾ ಕರೆಯದೆಯೇ ಬಂದ.

"ನಿಮ್ಮ ಗಾಡಿ ನಿಮ್ಮ ಆಯಿಗಿಂತ ಜೋರ ಒದರತದ. ಇದರ ಬಾಯಿ ಮುಚ್ಚತೇನಿ. ಆಯಿದು ನೀವೇ ನೋಡ್ಕೋರಿ."

ಆ ಭಯದಲ್ಲೂ ಆಯಿ ನಕ್ಕಳು. ಚಾಚಾ ನನ್ನ ಕೈ ಹಿಡಿದು, ಹನಿ ಚೆಲ್ಲದಂತೆ ಗುಂಬಕ್ಕೆ ಎಣ್ಣೆ ಹೊಯ್ಯುವುದನ್ನು ಕಲಿಸಿದ. ಮಟಮಟ ಮಧ್ಯಾಹ್ನ, ನಾಕಾದವರು ಉಂಡು ಮಲಗಿದ್ದಾಗ, ಅವರ ಬೆನ್ನ ಹಿಂದಿನ ಹೊಲದ ದಾರಿಯಲ್ಲಿ ಗಾಡಿ ದಾಟಿತು. ಒಂದು ನಾಯಿಯೂ ಬೊಗಳಲಿಲ್ಲ. ನನ್ನ ತಂಗಿ ಬದುಕಿದ್ದು, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದು ಆ ಎಣ್ಣೆಯಿಂದ.

ಪೊಲೀಸ್ ಆ್ಯಕ್ಷನ್ ಆಗಿ ಸಂಸ್ಥಾನ ಮುಗಿಯಿತು. ನಾವು ಮರಳಿದೆವು. ಹೆದರುವ ಸರದಿ ಈಗ ಚಾಚಾ ಇದ್ದ ಮುಸಲ್ಮಾನರ ಓಣಿಯದು. ಒಂದು ಮುಂಜಾನೆ ಅವನು ನಮ್ಮ ಗಾಡಿ ನಿಲ್ಲಿಸಿದ್ದ ಚಪ್ಪರದ ಮುಂದೆ ಬಂದು ನಿಂತ.

"ತಮ್ಮಾ, ಮಗಳಿಗಿ ದಿನ ತುಂಬ್ಯಾವ. ಬೀದರದಾಗ ನಮ್ಮವರು ಅದಾರ. ಗಾಡಿ ಕಟ್ಟತೀ ಏನು?"

ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತು ನನ್ನನ್ನೇ ನೋಡುತ್ತಿದ್ದರು. ಮೆಟ್ರಿಕ್ ಪಾಸಾದ ಜಾಣ ನಾನು. ಅಚ್ಚು ಕೂಡಿಸಿದವನಿಗೇ ಅಚ್ಚಿನ ಸುಳ್ಳು ಹೇಳಿದೆ: "ಎಣ್ಣಿ ಇಲ್ಲ ಚಾಚಾ. ಅಚ್ಚು ಒಣಗ್ಯಾದ. ಗಾಲಿ ತಿರಗಲ್ಲ."

ಅವನು ಕೆಳಗೆ ನೋಡಿದ. ಗುಂಬದ ಕೆಳಗಿನ ಧೂಳಿನಲ್ಲಿ ಎಣ್ಣೆಯ ಹಸಿ ಕಲೆ. ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಮುಟ್ಟಿದ. ಬೆರಳನ್ನು ಮೆಲ್ಲಗೆ ಲುಂಗಿಗೆ ಒರೆಸಿಕೊಂಡ. ಆಮೇಲೆ ಕಟ್ಟೆಯವರಿಗೂ ಕೇಳುವಂತೆ ಅಂದ: "ಹೌದು, ಒಣಗ್ಯಾದ."

ನನ್ನ ಸುಳ್ಳಿಗೆ ಅವನೇ ಸಾಕ್ಷಿ ನಿಂತ.

ಅವರು ನಡೆದೇ ಹೋದರು. ಬೀದರ ಮುಟ್ಟುವ ಮೊದಲೇ, ಊರ ಹೊರಗಿನ ಗುಂಬಜಗಳ ನೆರಳಲ್ಲಿ ಹೆರಿಗೆಯಾಯಿತಂತೆ. ತಾಯಿ ಮಗು ಇಬ್ಬರೂ ಉಳಿದರೆಂದು ತಿಳಿದ ದಿನ ನಾನು ಹೊಟ್ಟೆತುಂಬ ಉಂಡೆ. ಅದಕ್ಕೂ ಈಗ ನಾಚಿಕೆಯಾಗುತ್ತದೆ. ಚಾಚಾ ಔರಾದದಲ್ಲಿ ನೆಲೆಸಿದ. ಅಲ್ಲಿನ ಸಂತೆಗೆ ಹೋದಾಗಲೆಲ್ಲ ಮರ ಕೆತ್ತುವ ಅವನ ಬಾಚಿಯ ಸದ್ದು ಕೇಳಿ ಬೇರೆ ಓಣಿ ಹಿಡಿಯುತ್ತಿದ್ದೆ. ಒಮ್ಮೆ ನಮ್ಮೂರಿನವರ ಕೈಲಿ ಅವನೇ ಕೇಳಿಸಿದ: "ಆ ಗಾಡಿಗಿ ಎಣ್ಣಿ ಹಾಕ್ತಾರಂತೇನು?" ಹಾಕ್ತೇವೆಂದು ಹೇಳಿ ಕಳಿಸಿದೆ. ಹೇಳಬೇಕಾದ ಇನ್ನೊಂದು ಮಾತು ಹೇಳಲಿಲ್ಲ. ಅವನು ತೀರಿಕೊಂಡು ಎಷ್ಟೋ ಕಾಲವಾಯಿತು.

ಮೊನ್ನೆ ಎರಡನೆಯ ಗಾಲಿಗೆ ನಾನೇ ಎಣ್ಣೆ ಹೊಯ್ದೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಮಿಸ್ತ್ರಿ ನಕ್ಕು, "ಕಸಬಿನ ಕೈ ಅದ ಮುತ್ಯಾ. ಯಾರ್ ಕಲಿಸ್ಯಾರ?" ಎಂದ.

ಇಷ್ಟು ವರ್ಷ ಯಾರಾದರೂ ಕೇಳಿದರೆ ಊರಿನ ಬಡಗಿಯೊಬ್ಬ ಎನ್ನುತ್ತಿದ್ದೆ. ತಂಗಿಯ ಮೊಮ್ಮಗನೂ ಪಕ್ಕದಲ್ಲೇ ನಿಂತಿದ್ದ. ಗಾಜಿನ ಮುಚ್ಚಳದೊಳಗೆ ಎಣ್ಣೆ ನಿಲ್ಲುವವರೆಗೆ ಕಾದು, ಇಬ್ಬರಿಗೂ ಕೇಳುವಂತೆ ಚಾಚಾನ ಹೆಸರು ಹೇಳಿದೆ: ದಸ್ತಗೀರಸಾಬ.