ವಸತಿ ತೆರಿಗೆ ಕಟ್ಟಿದ ಹೋಟೆಲು

ಆರ್ಲಿಸ್ ಹ್ರುಸ್ಕಾ ನಡೆಸುತ್ತಿದ್ದ ಮೋಟೆಲಿನಲ್ಲಿ ಹನ್ನೆರಡು ಕೋಣೆಗಳಿದ್ದವು. ಹೆದ್ದಾರಿಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ನಿಂತ ಕೋಣೆಗಳು, ಪ್ರತಿ ಬಾಗಿಲ ಮುಂದೆ ಒಂದೊಂದು ಕಬ್ಬಿಣದ ಕುರ್ಚಿ. ಕಟ್ಟಿಸಿದ್ದು ಅವಳ ಅಪ್ಪ. ಅಪ್ಪ ತೀರಿಕೊಂಡ ಮೇಲೆ ಹಾಸಿಗೆ, ಕಾಫಿ, ಬರುವವರು ಹೋಗುವವರು ಆರ್ಲಿಸಳ ಪಾಲಿಗೆ ಬಂದರೆ, ನಲ್ಲಿ, ಹೀಟರು, ಸೂರು ತಮ್ಮ ಲೂಮಿರನ ಪಾಲಿಗೆ ಬಂದವು. ಇಬ್ಬರೂ ಮದುವೆಯಾಗಲಿಲ್ಲ. ಊರಿನವರು ಕೆಣಕಿದರೆ ಲೂಮಿರ್, "ನಮ್ಮಕ್ಕ ದಿನಾ ಹನ್ನೆರಡು ಹಾಸಿಗೆ ಹಾಸ್ತಾಳಪ್ಪ, ಹದಿಮೂರನೇದು ಹಾಸೋ ಹೊತ್ತಿಗೆ ಕೈ ಸೋತಿರುತ್ತೆ," ಎನ್ನುತ್ತಿದ್ದ.

ನೆಬ್ರಾಸ್ಕಾದ ಆ ಪುಟ್ಟ ಊರಿಗೆ ಸುಮ್ಮಸುಮ್ಮನೆ ಯಾರೂ ಬರುತ್ತಿರಲಿಲ್ಲ. ಗೂಡ್ಸ್ ರೈಲಿನ ಹಳಿ ರಿಪೇರಿಯ ತಂಡ ವರ್ಷವಿಡೀ ಬಂದು ಹೋಗುತ್ತಿತ್ತು. ಬೇಸಿಗೆಯಲ್ಲಿ ಗೋಧಿ ಕೊಯ್ಯುವ ಯಂತ್ರಗಳವರು ಬರುತ್ತಿದ್ದರು. ಮಾರ್ಚಿನಲ್ಲಿ ಪ್ಲಾಟ್ ನದಿಯ ಮರಳ ದಿಬ್ಬಗಳ ಮೇಲೆ ಬೂದು ಕೊಕ್ಕರೆಗಳು ಲಕ್ಷಗಟ್ಟಲೆ ಇಳಿಯುತ್ತಿದ್ದಾಗ ಅವನ್ನು ನೋಡುವವರು ದುರ್ಬೀನು ಹಿಡಿದು ಬರುತ್ತಿದ್ದರು. ಉಳಿದಂತೆ, ಸತ್ತವರನ್ನು ಮಣ್ಣು ಮಾಡಲು ದೂರದಿಂದ ಬಂದ ನೆಂಟರು. ಇಂಥವರಿಗೆ ಆರ್ಲಿಸ್ ಬೆಳಿಗ್ಗೆ ತಾನೇ ಬೇಯಿಸಿದ ಕೊಲಾಚಿ ಎಂಬ ಗಸಗಸೆ ತುಂಬಿದ ಸಿಹಿ ಬನ್ನುಗಳನ್ನು ಇಡುತ್ತಿದ್ದಳು, ಸಾವಿನ ಬಗ್ಗೆ ಏನೂ ಕೇಳುತ್ತಿರಲಿಲ್ಲ.

ಕೋಣೆ ಹಿಡಿದವರಿಂದ ಬಾಡಿಗೆಯ ಜೊತೆ ಊರಿನ ವಸತಿ ತೆರಿಗೆಯನ್ನೂ ವಸೂಲಿ ಮಾಡಿ ತಿಂಗಳಿಗೊಮ್ಮೆ ಪುರಸಭೆಗೆ ಕಟ್ಟುವುದು ಅವಳ ಕೆಲಸ. ಆ ದುಡ್ಡಿನಲ್ಲಿ ಪೇಟೆಬೀದಿಯ ಹೂಕುಂಡಗಳು, ಕೊಕ್ಕರೆ ಹಬ್ಬದ ಫಲಕಗಳು ಬರುತ್ತಿದ್ದವು. ಆರ್ಲಿಸ್ ಅದರ ಬಗ್ಗೆ ಎಂದೂ ತಲೆ ಕೆಡಿಸಿಕೊಂಡವಳಲ್ಲ.

ಹಾಗಿರುವಾಗ ಡ್ವೇನ್ ಪೊಸ್ಪಿಷಿಲ್ ಮೇಯರ್ ಆದ. ಟ್ರ್ಯಾಕ್ಟರ್ ಮಾರುವ ಅಂಗಡಿಯವನು, ಆರ್ಲಿಸಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು, ಕೆಟ್ಟವನೇನಲ್ಲ. ಊರು ಖಾಲಿಯಾಗುತ್ತಿದೆ ಎಂಬ ಸಂಕಟ ಅವನಿಗೆ ನಿಜಕ್ಕೂ ಇತ್ತು. ಒಮಾಹಾ ನಗರದಿಂದ ಸಲಹೆಗಾರರನ್ನು ಕರೆಸಿದ. ಹೆದ್ದಾರಿ ತಿರುವಿನಲ್ಲಿ ತೊಂಬತ್ತು ಕೋಣೆಗಳ ಹೋಟೆಲು, ಅದಕ್ಕೆ ಅಂಟಿಕೊಂಡಂತೆ ದೊಡ್ಡ ಸಮಾವೇಶ ಭವನ ಕಟ್ಟಿದರೆ ರಾಜ್ಯದ ಸಭೆ ಸಮ್ಮೇಳನಗಳೆಲ್ಲ ಇಲ್ಲಿಗೇ ಬರುತ್ತವೆ ಎಂದು ಅವರು ಬಣ್ಣದ ಚಿತ್ರ ತೋರಿಸಿದರು. ಖಾಸಗಿಯವರು ಯಾರೂ ಮುಂದೆ ಬರದ ಕಾರಣ ಊರೇ ಸಾಲ ಎತ್ತಬೇಕು, ವಸತಿ ತೆರಿಗೆ ಏರಿಸಿ, ಅಂಗಡಿ ತೆರಿಗೆಗೆ ಇನ್ನಷ್ಟು ಸೇರಿಸಿ ಆ ಸಾಲ ತೀರಿಸಬೇಕು ಎಂದರು. ಊರಿನ ಜನಕ್ಕೆ ಚಿತ್ರ ಹಿಡಿಸಿತು. ಹೆಣ್ಣುಮಕ್ಕಳ ಮದುವೆಯ ಊಟ ಇನ್ನು ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಹಾಕಿಸಬೇಕಿಲ್ಲವಲ್ಲ ಎಂದು ಆರ್ಲಿಸಳ ಗೆಳತಿಯರೇ ಸಂಭ್ರಮಪಟ್ಟರು.

ಯೋಜನೆಯ ಬಗ್ಗೆ ಪುರಸಭೆ ಕರೆದ ಊರ ಸಭೆಯ ದಿನ ಆರ್ಲಿಸ್ ಎದ್ದು ನಿಂತಳು. ಒಗೆಯುವ ಯಂತ್ರದ ಮುಂದೆ ನಿಂತು ದಿನವೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಮೈಕಿನ ಮುಂದೆ ಬಂದಾಗ ಎಲ್ಲಿಗೋ ಹೋಯಿತು.

"ಈ ತೆರಿಗೆ ನನ್ನ ಕೈಯಿಂದಲೇ ಬರೋದು, ಡ್ವೇನ್," ಎಂದಳು. "ನನ್ನ ಗಿರಾಕಿಗಳ ಹತ್ರ ನಾನೇ ವಸೂಲಿ ಮಾಡಿ ಕೊಡಬೇಕು. ಆ ದುಡ್ಡಲ್ಲಿ ನೀವು ಅವರಿಗೆ ಬೇರೆ ಕಡೆ ಕೋಣೆ ಕಟ್ತೀರ. ಇದನ್ನ ಹ್ಯಾಗೆ ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ಡ್ವೇನ್ ಮೆತ್ತಗೆ, "ಅಲ್ಲಿ ಜಾಗ ಸಾಲದೆ ಜನ ನಿನ್ನ ಹತ್ರಾನೇ ಬರ್ತಾರೆ ನೋಡ್ತಿರು, ಆರ್ಲಿಸ್. ನೀನೇ ನನಗೆ ಥ್ಯಾಂಕ್ಸ್ ಹೇಳ್ತೀಯ," ಎಂದ. ಹೇಳಿದ್ದನ್ನು ಅವನು ನಂಬಿಯೂ ಇದ್ದ. ಆಮೇಲೆ ಊರಿನವರ ಮತ ಎಣಿಸಿದಾಗ ಯೋಜನೆ ಸಲೀಸಾಗಿ ಗೆದ್ದಿತು.

ಗುದ್ದಲಿ ಪೂಜೆಯಂಥದ್ದೊಂದು ಅಲ್ಲಿಯೂ ಉಂಟು. ವಸತಿ ವ್ಯವಹಾರದವಳು ಎಂದು ಆರ್ಲಿಸಳನ್ನೂ ಕರೆದರು. ಹೋಗದಿದ್ದರೆ ಹೊಟ್ಟೆಕಿಚ್ಚು ಅಂದಾರು ಎಂದು ಹೋದಳು. ತಲೆಗೊಂದು ಬಿಳಿ ಟೊಪ್ಪಿಗೆ ಇಟ್ಟು, ಚಿನ್ನದ ಬಣ್ಣ ಬಳಿದ ಸಲಿಕೆಯನ್ನು ಕೈಗೆ ಕೊಟ್ಟರು. ಮಣ್ಣು ಮೊದಲೇ ಸಡಿಲ ಮಾಡಿಟ್ಟಿದ್ದರು. ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ಲೂಮಿರ್ ಆ ಪತ್ರಿಕೆಯನ್ನು ಬಣ್ಣ ಹಚ್ಚುವಾಗ ನೆಲಕ್ಕೆ ಹಾಸಿದ. ಬೇಕೆಂದೇ ಹಾಸಿದನೋ, ಕೈಗೆ ಸಿಕ್ಕಿತೆಂದು ಹಾಸಿದನೋ, ಅವಳು ಕೇಳಲಿಲ್ಲ.

ಹೋಟೆಲು ತೆರೆದ ಮೊದಲ ಚಳಿಗಾಲದಲ್ಲೇ ರೈಲು ತಂಡದ ಮೇಸ್ತ್ರಿ ರೇ ಬಕ್‌ಹೋಲ್ಟ್ ಬಂದ. ಮೂರನೆಯ ಕೋಣೆ ಅವನದೇ ಎನ್ನುವಷ್ಟು ವರ್ಷ ಇದ್ದವನು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ನನ್ನ ಕೈಲಿಲ್ಲಮ್ಮ," ಎಂದ. "ಮೇಲಿನೋರು ಹೋಟೆಲಿನ ಜೊತೆ ಒಪ್ಪಂದ ಮಾಡ್ಕೊಂಡಿದಾರೆ. ಅವರು ನಿಮಗಿಂತ ಕಡಿಮೆಗೆ ಕೊಡ್ತಾರಂತೆ. ಹ್ಯಾಗೆ ಪೂರೈಸುತ್ತೋ ದೇವರಿಗೇ ಗೊತ್ತು."

ಹೇಗೆ ಪೂರೈಸುತ್ತದೆ ಎಂದು ಆರ್ಲಿಸಳಿಗೆ ಗೊತ್ತಿತ್ತು. ಹೇಳಿ ಅವನ ಮನಸ್ಸು ಇನ್ನಷ್ಟು ನೋಯಿಸುವುದು ಬೇಡವೆನಿಸಿತು. ಒಂದು ಡಬ್ಬಿ ಕೊಲಾಚಿ ಕಟ್ಟಿಕೊಟ್ಟಳು.

ಸಮ್ಮೇಳನಗಳು ಬರಲಿಲ್ಲ. ಒಮ್ಮೆ ಜೇನು ಸಾಕುವವರ ಸಭೆ, ಒಮ್ಮೆ ವಿಮೆಯವರ ತರಬೇತಿ, ಎರಡು ಮದುವೆ ಊಟ ನಡೆದವು, ಅಷ್ಟೇ. ಭವನದ ದೀಪಗಳು ಮಾತ್ರ ಗೋಧಿಹೊಲದ ನಡುವೆ ಉರಿಯುತ್ತಿದ್ದವು. ಸಾಲದ ಕಂತು ಕಟ್ಟಲು ದುಡ್ಡು ಸಾಲದೆ ಬಂದಾಗ ಪುರಸಭೆ ವಸತಿ ತೆರಿಗೆಯನ್ನು ಇನ್ನೊಮ್ಮೆ ಏರಿಸಿತು. ಬೇಸಿಗೆಯಲ್ಲಿ ಈಜುಕೊಳ ತೆರೆಯಲಿಲ್ಲ. ಗ್ರಂಥಾಲಯ ಶನಿವಾರ ಮುಚ್ಚಿತು. ಡ್ವೇನ್ ಆ ವರ್ಷ ತುಂಬಾ ಮುದುಕನಾದಂತೆ ಕಂಡ. ದಿನಸಿ ಅಂಗಡಿಯಲ್ಲಿ ಎದುರಾದರೆ ಬೇರೆ ಸಾಲಿಗೆ ತಿರುಗುತ್ತಿದ್ದ. ಅವನನ್ನು ಬಯ್ಯಬೇಕು ಎಂದು ಅವಳಿಗೆ ಅನಿಸಿದ್ದುಂಟು. ಬಯ್ದರೆ ಏನಾಗುತ್ತದೆ ಎಂದು ಯೋಚಿಸಿದರೆ ಏನೂ ಹೊಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆರ್ಲಿಸ್ ಹಾಸುಬಟ್ಟೆ ಮಡಿಸುತ್ತಿದ್ದಾಗ ಲೂಮಿರ್ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಹೋಟೆಲಿನೋರು ರಿಪೇರಿ ಕೆಲಸಕ್ಕೆ ಕರೀತಿದಾರೆ ಕಣೇ," ಎಂದ. "ಆಸ್ಪತ್ರೆ ವಿಮೇನೂ ಕೊಡ್ತಾರಂತೆ. ನನ್ನ ಮಂಡಿ ನಿನಗೆ ಗೊತ್ತಲ್ಲ."

"ಒಪ್ಕೊಂಡ್ಯಾ?"

"ಸೋಮವಾರದಿಂದ."

ಆರ್ಲಿಸ್ ಹಾಸುಬಟ್ಟೆಯ ಒಂದು ತುದಿಯನ್ನು ಅವನ ಕಡೆ ಚಾಚಿದಳು. ಅವನು ಒಳಗೆ ಬಂದು ಹಿಡಿದುಕೊಂಡ. ಇಬ್ಬರೂ ಸೇರಿ ಮಡಿಸಿದರು. "ಅಲ್ಲಿ ಊಟದ ಹೊತ್ತಿಗೆ ಬಿಡ್ತಾರೇನೋ?" ಎಂದು ಕೇಳಿದಳು. ಬಿಡುತ್ತಾರಂತೆ ಎಂದ.

ತಮ್ಮನ ಕೆಲಸದ ನೆರವಿಲ್ಲದೆ ಒಂದು ಚಳಿಗಾಲ ದೂಡಿದಳು. ಒಡೆದ ಪೈಪಿಗೆ ಹೊರಗಿನವರನ್ನು ಕರೆಸಬೇಕಾಯಿತು. ನಾಲ್ಕು ಕೋಣೆಗೆ ಬೀಗ ಹಾಕಿದಳು, ಆಮೇಲೆ ಇನ್ನೂ ನಾಲ್ಕಕ್ಕೆ. ಮಾರಲು ನೋಡಿದರೆ, ಹತ್ತಿರದಲ್ಲೇ ಊರಿನ ಹೋಟೆಲು ಅರ್ಧ ಖಾಲಿ ಇರುವಾಗ ಇದನ್ನು ಕೊಳ್ಳುವವರು ಯಾರು? ಕೊಕ್ಕರೆಗಳ ಕಾಲ ಮುಗಿದ ಮೇಲೆ, ಓಹಾಯೋದಿಂದ ಪ್ರತಿವರ್ಷ ಬರುತ್ತಿದ್ದ ವಯಸ್ಸಾದ ದಂಪತಿಯನ್ನು ಕಳಿಸಿಕೊಟ್ಟು, ಹೊರಗಿನ ಫಲಕದ ದೀಪ ಆರಿಸಿದಳು. ಮೋಟೆಲಿನ ಪರವಾನಗಿಯನ್ನು ಮತ್ತೆ ನವೀಕರಿಸಲಿಲ್ಲ. ಮೋಟೆಲಿನ ಹಿಂಬದಿಯಲ್ಲಿ ತಮಗೆಂದೇ ಇದ್ದ ಎರಡು ಕೋಣೆಗಳ ಮನೆಯಲ್ಲಿ ಅಕ್ಕ ತಮ್ಮ ಈಗಲೂ ಇದ್ದಾರೆ.

ಈಗಲೂ ಸಂಜೆ ಹೊತ್ತು ದಾರಿ ತಪ್ಪಿದ ಕಾರೊಂದು ಅಂಗಳಕ್ಕೆ ತಿರುಗುವುದುಂಟು. ಕಳೆದ ವಾರ ಹಾಗೆ ಬಂದ ಹೆಂಗಸೊಬ್ಬಳು ಕಿಟಕಿ ಇಳಿಸಿ ಕೋಣೆ ಇದೆಯೇ ಎಂದು ಕೇಳಿದಳು. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದವು. ಕೋಣೆ ಇತ್ತು. ಹಾಸಿಗೆಯೂ ಇತ್ತು. ಕೊಡಲು ಪರವಾನಗಿ ಇರಲಿಲ್ಲ.

"ನೇರ ಹೋಗಿ, ತಿರುವಿನಲ್ಲಿ ದೊಡ್ಡ ದೀಪ ಕಾಣುತ್ತೆ," ಎಂದಳು ಆರ್ಲಿಸ್. "ಜಾಗ ಇದ್ದೇ ಇರುತ್ತೆ."

ಕಾರು ಹೆದ್ದಾರಿಗೆ ಏರುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದಳು.