ಮುಂದಿನ ಸೀಟಿನಲ್ಲಿ ಅಕ್ಕ

ಆ ಪ್ರವಾಸಕ್ಕೆ ನಾನು ತೆತ್ತದ್ದು ನಮ್ಮ ಭಾವನ ಮಾತನ್ನು. ಯೇರ್ಕಾಡಿನ ಬೆಟ್ಟ ಇಳಿದು ಮನೆ ಸೇರಿದ ದಿನದಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಎದುರಿಗೆ ಸಿಕ್ಕರೆ ಗೋಡೆ ನೋಡುತ್ತಾರೆ. ದುಬಾರಿ ಆಯಿತೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಇನ್ನೂ ಹೆಚ್ಚು ಕೇಳಿದ್ದರೂ ಚೌಕಾಸಿ ಮಾಡದೆ ಕೊಟ್ಟುಬಿಡುತ್ತಿದ್ದೆ. ನಾನು ಮಾಡಿದ ತಪ್ಪಾದರೂ ಏನು? ಅವರ ಹೆಂಡತಿಯನ್ನು, ಅಂದರೆ ನನ್ನ ಹಿರಿಯ ಓರಗಿತ್ತಿಯನ್ನು, ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ.

ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅಕ್ಕನ ಎರಡೂ ಹೆಬ್ಬೆರಳ ಗೆಣ್ಣುಗಳು ಹುಣಸೆಬೀಜದ ಹಾಗೆ ಗಂಟು ಕಟ್ಟಿ ಹೊಳೆಯುತ್ತಿದ್ದವು. ಹೆಬ್ಬೆರಳು ಮಡಚಿ ಹಾಲು ಕರೆಯುವವರಿಗೆ ಹಾಗಾಗುತ್ತದೆ. ಅವಳ ಅಳತೆಯ ಬಳೆ ಆ ಗಂಟು ದಾಟುತ್ತಿರಲಿಲ್ಲ. ಒಂದು ಅಳತೆ ದೊಡ್ಡದನ್ನೇ ತೊಡಿಸಿಕೊಂಡು, ಕರೆಯಲು ಕೂತಾಗ ಅವನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದಳು. ಸೀರೆಯ ಮೇಲೆ ಭಾವನ ಒಂದು ಹಳೆಯ ತುಂಬುತೋಳಿನ ಅಂಗಿ. ಅದಕ್ಕೆ ಸೋಪು ತಾಗಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಮೊಳೆಗೆ ನೇತು ಹಾಕುತ್ತಿದ್ದಳು. ನಾವು ಮೂಗು ಮುಚ್ಚಿಕೊಂಡರೆ, "ನಿಮ್ಗೆ ಅದು ನಾತ. ಕೆಂಪಿಗೆ ಅದೇ ನಾನು," ಅನ್ನುತ್ತಿದ್ದಳು. ಕೆಂಪಿ ಅಂದರೆ ನಮ್ಮ ಮನೆಯ ಹಸು.

ನಮ್ಮದು ಬಂಗಾರಪೇಟೆಗೆ ಹತ್ತಿರದ ಹಳ್ಳಿ. ಮದುವೆಯಾಗಿ ಬಂದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ, ಬಾಯಿ ಮಾತ್ರ ಇತ್ತು. ಸೀರೆಯ ಗಂಟು ಹೊತ್ತು ಚಿನ್ನದ ಗಣಿ ಕೆಲಸಗಾರರ ಚಾಂಪಿಯನ್ ರೀಫ್ಸ್, ಕೋರಮಂಡಲ್ ಲೈನುಗಳಲ್ಲಿ ಮನೆಮನೆ ತಿರುಗಿ ಕಂತಿಗೆ ಮಾರಿದೆ. ಅಲ್ಲಿಯ ಹೆಂಗಸರ ಹತ್ತಿರ ತಮಿಳು ಕಲಿತೆ, ವ್ಯಾಪಾರ ಕಲಿತೆ. ಇವತ್ತು ಪೇಟೆಯಲ್ಲಿ ನನ್ನದೇ ಅಂಗಡಿ ಇದೆ. ಜನ ನನ್ನ ಜಾಣತನ ಅನ್ನುತ್ತಾರೆ. ನನ್ನ ಎಳೆಮಗುವನ್ನು ಸೊಂಟಕ್ಕೆ ಏರಿಸಿಕೊಂಡು, "ನಿನ್ ಕೂಸು ಇಲ್ಲೇನು ಉಪಾಸ ಬೀಳಲ್ಲ. ಓಗು, ಬಸ್ ತಪ್ತದೆ," ಎಂದು ದಿನಾ ಬೆಳಗ್ಗೆ ನನ್ನನ್ನು ಅಟ್ಟಿದವಳ ಹೆಸರನ್ನು ಯಾರೂ ಎತ್ತುವುದಿಲ್ಲ.

ನಮ್ಮದು ದೊಡ್ಡ ಕುಟುಂಬ. ಅಣ್ಣತಮ್ಮಂದಿರು, ಹೆಂಡಿರು ಮಕ್ಕಳು, ನಾದಿನಿಯ ಸಂಸಾರ, ಅತ್ತೆ. ಎಲ್ಲ ಕೂಡಿದರೆ ಹದಿನೈದು. ಬೇಸಿಗೆ ರಜೆಗೆ ಎಲ್ಲಿಗಾದರೂ ಹೊರಡುವುದು ರೂಢಿ. ಆದರೆ ಹೊರಡುವವರು ಯಾವಾಗಲೂ ಹದಿನಾಲ್ಕು. ಹಸು ಇರುವ ಮನೆಯಲ್ಲಿ ಒಬ್ಬರು ಉಳಿಯಲೇಬೇಕು, ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕಬೇಕು. ಆ ಒಬ್ಬರು ಯಾರು ಎಂಬ ಪ್ರಶ್ನೆಯನ್ನು ನಾನು ಬಂದ ಮೇಲೆ ಒಂದು ಸಲವೂ ಯಾರೂ ಕೇಳಿರಲಿಲ್ಲ. ನಾವು ವಾಪಸು ಬಂದು ಫೋನಿನಲ್ಲಿ ಫೋಟೋ ತೋರಿಸಿದರೆ ಅಕ್ಕ, "ನಿಮ್ ಮಕ ನಾನು ದಿನಾ ನೋಡ್ತೀನಿ. ದಾರಿ ಎಂಗಿತ್ತು, ಅದು ತೋರ್ಸಿ," ಅನ್ನುತ್ತಿದ್ದಳು. ದಾರಿಯ ಫೋಟೋ ಯಾರು ತೆಗೆದಿರುತ್ತಾರೆ?

ಒಂದು ಸಲ ಅವರೆಕಾಯಿ ಬಿಡಿಸುತ್ತ ನನಗೊಬ್ಬಳಿಗೇ ಹೇಳಿದಳು: "ಮದ್ವೆಗೆ, ಸಾವ್ಗೆ ಟೆಂಪೋದಲ್ಲಿ ಇಂದ್ಗಡೆ ಕೂರ್ಸ್ತಾರೆ, ಪಾತ್ರೆ ತೊಡೆ ಮ್ಯಾಲೆ ಇಟ್ಕೊಂಡು. ಅಲ್ಲಿಂದ ದಾರಿ ಓಗೋದೇ ಕಾಣೋದು. ಒಂದ್ಸಲ ಮುಂದೆ ಕುಂತ್ಕೊಂಡು ದಾರಿ ಬರೋದು ನೋಡ್ಬೇಕು ಕಣೇ."

ಅವತ್ತೇ ನಿಶ್ಚಯ ಮಾಡಿದೆ. ನಾನು ಅಷ್ಟರಲ್ಲಿ ಕಾರು ಓಡಿಸುವುದನ್ನು ಕಲಿತಿದ್ದೆ. ಆ ವರ್ಷದ ಏರ್ಪಾಟು ಪೂರ್ತಿ ನಾನೇ ಹೊತ್ತುಕೊಂಡೆ. ಊಟಿಯಲ್ಲಿ ಸೀಸನ್ನಿನ ಗದ್ದಲ, ಅದು ಬೇಡ. ಯೇರ್ಕಾಡಾದರೆ ಕೃಷ್ಣಗಿರಿ ಮೇಲೆ ಒಂದೇ ದಿನದ ದಾರಿ, ಮೇಲೆ ತಂಪು, ರೂಮಿನವರ ಹತ್ತಿರ ತಮಿಳಿನಲ್ಲಿ ಜಗ್ಗಾಡಬಹುದು. ನಾವೇ ಓಡಿಸುವ ಬಾಡಿಗೆ ಗಾಡಿ ಎರಡು ಗೊತ್ತು ಮಾಡಿದೆ, ಎರಡೂ ನನ್ನ ಹೆಸರಿನಲ್ಲಿ. ಒಂದು ನಾನು ಓಡಿಸುವುದು, ಇನ್ನೊಂದು ನಮ್ಮ ಯಜಮಾನರು.

ಜಗುಲಿಯ ಮೇಲೆ ಎಲ್ಲರೂ ಕೂತಿದ್ದ ಸಂಜೆ ಭಾವ ತಲೆ ಎಣಿಸಿದರು. "ಗಾಡಿಗೆ ಏಳೇಳು ಜನ. ಅದ್ನಾಕು. ಸರಿಯಾಯ್ತು ಬುಡು."

"ಒಂದು ಗಾಡೀಲಿ ಎಂಟು ಜನ ಕೂರ್ಬೋದು ಭಾವ. ನೋಡೇ ತಗೊಂಡಿದೀನಿ. ಅಕ್ಕಾನೂ ಬತ್ತಾಳೆ," ಎಂದೆ.

"ಕೆಂಪಿ ಬ್ಯಾರೇರ ಕೈಗೆ ಆಲು ಬಿಡ್ತದಾ? ವದ್ದು ಅಲ್ಲು ಉದುರಿಸ್ತದೆ."

ಅತ್ತೆ ಎಲೆಗೆ ಸುಣ್ಣ ಸವರುತ್ತ, "ಅವ್ಳಿಗೆ ಇದೆಲ್ಲಾ ಇಷ್ಟಾನೇ ಇಲ್ಲ ಕಣಮ್ಮ. ನೀನ್ಯಾಕೆ ಒದ್ದಾಡ್ತೀಯ," ಎಂದರು.

ಅಕ್ಕ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. "ನಂಗ್ಯಾಕೆ. ನೀವು ಓಗ್ಬನ್ನಿ," ಎಂದಳು. ನನಗೆ ಅವಳ ಮೇಲೂ ಮೈಯುರಿಯಿತು.

ಹಸುವೇ ಅಡ್ಡಿಯಾದರೆ ಹಸುವನ್ನೇ ಒಪ್ಪಿಸೋಣ ಎಂದುಕೊಂಡೆ. ನಮ್ಮ ಬೀದಿಯಲ್ಲೇ ಕೂಲಿಗೆ ಹೋಗುವ ಒಬ್ಬ ಹೆಂಗಸಿದ್ದಳು. ಬೇತಮಂಗಲದ ಕಡೆಯಿಂದ ಬಂದವಳು, ಬೇತಮಂಗಲದಮ್ಮ ಅಂತಲೇ ಕರೆಯುತ್ತಿದ್ದೆವು. ಚಿಕ್ಕಂದಿನಿಂದ ಹಾಲು ಕರೆದ ಕೈ. ಅವಳಿಗೆ ಅಕ್ಕನ ಆ ಅಂಗಿ ತೊಡಿಸಿ, ಅಕ್ಕನ ಪಕ್ಕದಲ್ಲೇ ಕೂರಿಸಿದೆ. ಮೊದಲ ದಿನ ಕೆಂಪಿ ಚೆಂಬು ಒದ್ದಿತು. ಎರಡನೆಯ ದಿನ ತಿರುಗಿ ತಿರುಗಿ ಮೂಸಿತು. ವಾರ ಕಳೆಯುವುದರೊಳಗೆ ಅಕ್ಕ ಕೊಟ್ಟಿಗೆಯ ಹೊರಗೆ ನಿಂತಿದ್ದರೂ ಸುಮ್ಮನೆ ಮೆಲುಕು ಹಾಕುತ್ತ ಹಾಲು ಬಿಟ್ಟಿತು. "ಚೂಡಮ್ಮಾ, ನೋಡಿಲ್ಲಿ, ಅಂಗಿ ಸಾಕು ಇದ್ಕೆ, ಒಳ್ಗೆ ಯಾರಿದ್ರೇನು," ಎಂದು ಬೇತಮಂಗಲದಮ್ಮ ನಕ್ಕಳು.

ಭಾವನನ್ನು ಕರೆದು ತೋರಿಸಿದೆ. ನೋಡಿದರು. "ಮನೆ ಖಾಲಿ ಬುಟ್ಟು ಓಗಕ್ಕಾಗ್ತದಾ?" ಎಂದರು.

"ಆಯಮ್ಮ ಇಲ್ಲೇ ಮಲಗ್ತಾಳೆ."

"ಗಾಡೀಲಿ ಅವ್ಳಿಗೆ ತಲೆ ಸುತ್ತುತ್ತೆ."

"ಇಂದೆ ಕೂರ್ಸಿ ತೊಡೆ ಮ್ಯಾಲೆ ಸಾರಿನ ಪಾತ್ರೆ ಇಟ್ರೆ ನಿಮ್ಗೂ ಸುತ್ತುತ್ತೆ ಭಾವ. ಮುಂದೆ ಕೂರ್ಸಿದ್ರೆ ಯಾರ್ಗೂ ಸುತ್ತಲ್ಲ."

"ನಿನ್ ಗಾಡೀಲಿ ಮುಂದೆ ನಾನು ಕೂರೋದು," ಎಂದರು.

ಅಷ್ಟೇ ವಿಷಯ. ಇಷ್ಟು ವರ್ಷ ಪಾಪದ ಹಸುವಿನ ಹೆಸರು ಹೇಳಿಕೊಂಡು ಬಂದಿದ್ದರು. ನನ್ನ ಬಾಯಿ ತಡೆಯಲಿಲ್ಲ. "ಅಸು ಒಪ್ಕೊಂತು ಭಾವ. ಒಪ್ಕೊಳ್ದೆ ಇರೋದು ನೀವು," ಎಂದೆ. ನಮ್ಮ ಯಜಮಾನರು ಕೆಮ್ಮಿದರು. ಕೆಮ್ಮಿದರೆ ನಾನು ನಿಲ್ಲಿಸುತ್ತೇನೆಯೇ? "ಗಾಡಿ ನನ್ ಹೆಸ್ರಲ್ಲಿ ಐತೆ. ಅಕ್ಕ ಬರ್ದಿದ್ರೆ ಎರಡೂ ಇಲ್ಲಿಂದ ಕದಲಲ್ಲ. ಅಡ್ವಾನ್ಸ್ ಓದ್ರೆ ಓಗ್ಲಿ." ಅಡ್ವಾನ್ಸ್ ಹೋದರೆ ಹೋಗಲಿ ಎಂಬ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅತ್ತೆ ಎಲೆ ಅಗಿಯುವುದನ್ನೇ ನಿಲ್ಲಿಸಿದರು.

ಅಕ್ಕ ಒಲೆಯ ಮುಂದೆ ಕೂತಿದ್ದಳು. "ನನ್ನ ಇಟ್ಕೊಂಡು ಯಾಕೆ ಜಗಳ ಆಡ್ತೀಯ?" ಎಂದಳು.

"ಬತ್ತೀಯೋ ಇಲ್ವೋ, ನಿನ್ ಬಾಯಲ್ಲೇ ಏಳು. ನಿಂಗೆ ಬ್ಯಾಡ ಅಂದ್ರೆ ಈಗ್ಲೇ ಬುಟ್ಬುಡ್ತೀನಿ."

ಒಲೆಯ ಸೌದೆ ಮುಂದಕ್ಕೆ ತಳ್ಳಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮುಂದೇನಾ?"

ಹೊರಟ ಬೆಳಗ್ಗೆ ಭಾವ ನೇರ ತಮ್ಮನ ಗಾಡಿಗೆ ಹೋಗಿ ಕೂತರು. ಅಕ್ಕ ನನ್ನ ಪಕ್ಕ ಹತ್ತಿದಳು. ಸೀಟ್ ಬೆಲ್ಟ್ ಎಳೆದು ಹಾಕಿದಾಗ, "ನನ್ನೇ ಕಟ್ಟಾಕ್ತಾ ಇದೀಯಲ್ಲೇ," ಎಂದು ನಕ್ಕಳು. ಊರು ದಾಟುವವರೆಗೆ ಸೆರಗು ಬಿಗಿ ಹಿಡಿದು ಕೂತಿದ್ದಳು. ಹೆದ್ದಾರಿ ಸಿಕ್ಕಮೇಲೆ ಕೈ ಸಡಿಲಾಯಿತು. ದಾರಿಯುದ್ದಕ್ಕೂ ಮಾತು. "ಆ ಎಮ್ಮೆ ಮೂಗುದಾರ ಬಿಗಿಯಾಗೈತೆ, ನೋಡು." "ಈ ಊರೋರು ಮೇವು ಮಳೇಲಿ ಬುಟ್ಟವ್ರೆ, ಕೊಳೀತದೆ." ಸೇಲಂ ದಾಟಿ ಬೆಟ್ಟ ಹತ್ತುವಾಗ ಮಾತು ನಿಂತಿತು. ತಿರುವಿನ ಮೇಲೆ ತಿರುವು. ಹಿಂದೆ ಮಕ್ಕಳು ಒಬ್ಬರಾದ ಮೇಲೊಬ್ಬರು ವಾಂತಿ ಮಾಡಿದರು. ಅಕ್ಕನಿಗೆ ಏನೂ ಆಗಲಿಲ್ಲ. ಮುಂದಕ್ಕೆ ಬಗ್ಗಿ ಕೂತು, "ದಾರಿ ತಾನಾಗೇ ತಿರುಗಿ ನಮ್ಮತ್ರ ಬತ್ತದಲ್ಲೇ," ಎಂದಳು. ತಿರುಗಿ ನೋಡಿದರೆ ಕಣ್ಣಲ್ಲಿ ನೀರು. ನಾನು ಗೇರ್ ಬದಲಾಯಿಸಿದೆ.

ಮರುದಿನ ಬೆಳಗ್ಗೆ ರೂಮಿನ ಮುಂದೆ ಎಲ್ಲರೂ ಟೀ ಕುಡಿಯುತ್ತಿದ್ದಾಗ ಭಾವನ ಫೋನಿಗೆ ಬೇತಮಂಗಲದಮ್ಮನ ಕರೆ ಬಂತು. ಕೆಂಪಿ ಹಾಲು ಬಿಡುತ್ತಿಲ್ಲ, ಹತ್ತಿರ ಹೋದರೆ ಒದೆಯುತ್ತದೆ. ಭಾವನ ಮುಖ ಅರಳಿದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಎಲ್ಲರಿಗೂ ಕೇಳುವ ಹಾಗೆ, "ನಾನೇನು ಏಳಿದ್ದೆ? ಏಯ್, ಬ್ಯಾಗ್ ತಗಾ. ಕೆಳಗೆ ಬಸ್ ಸಿಗ್ತದೆ," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಎದ್ದಳು. ಎದ್ದೇಬಿಟ್ಟಳು. ನನ್ನ ಕೈಯಲ್ಲಿದ್ದ ಟೀ ಕುದಿಯುತ್ತಿತ್ತೋ ನಾನು ಕುದಿಯುತ್ತಿದ್ದೆನೋ ತಿಳಿಯದು. ಆದರೆ ಅವಳು ಬ್ಯಾಗಿನ ಕಡೆ ಹೋಗಲಿಲ್ಲ. ಗಂಡನ ಕೈಯಿಂದ ಫೋನು ತೆಗೆದುಕೊಂಡಳು.

"ಅಂಗಿ ಆಕ್ಕೊಂಡಿದೀಯಾ?"

"ಆಕ್ಕೊಂಡಿದೀನಕ್ಕಾ. ಬೋ ನಾತ ಒಡೀತಿತ್ತು, ನೀವು ಬರೋದ್ರಲ್ಲಿ ಮಡಿಯಾಗಿರ್ಲಿ ಅಂತ ನಿನ್ನೆ ಸೋಪು ಆಕಿ ಚೆನ್ನಾಗಿ ಒಗ್ದೆ."

ಅಕ್ಕ ನಗಲು ಶುರು ಮಾಡಿದಳು. ಗೋಡೆ ಹಿಡಿದು ನಕ್ಕಳು. ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಗು ನಿಂತ ಮೇಲೆ ಫೋನಿಗೆ ಹೇಳಿದಳು: "ಕರು ಬುಟ್ಬುಡು. ಕುಡ್ಕೊಳ್ಲಿ."

"ಪೂರಾನಾ ಅಕ್ಕಾ?"

"ಪೂರಾ. ನಾವು ಬರೋಗಂಟ ಅದೇ ಕುಡೀಲಿ. ಅದ್ರಮ್ಮನ ಆಲು ತಾನೇ."

ಫೋನು ಗಂಡನ ಕೈಗಿಟ್ಟಳು. "ಡೇರಿಗೆ?" ಎಂದರು ಭಾವ. "ಡೇರಿಯೋರು ನಮ್ ಆಲಿಗೇ ಕಾಯ್ಕೊಂಡು ಕುಂತಿಲ್ಲ. ನಾನು ಈಗ ಓಗಲ್ಲ. ಬೆಟ್ಟ ಇಳಿಯೋದು ನೋಡ್ಬೇಕು," ಎಂದು ತನ್ನ ಟೀ ಲೋಟ ಎತ್ತಿಕೊಂಡಳು.

ಮನೆಗೆ ಬಂದ ಸಂಜೆ ಭಾವ ನನಗೆ, "ನಮ್ಮನೆ ಎಂಗಸ್ಗೆ ಎದುರು ಮಾತು ಕಲ್ಸಿದ್ದು ನೀನು," ಎಂದರು. ಅದೇ ಕೊನೆ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ. ಆದರೆ ಕಲಿಸಿದ್ದು ನಾನಲ್ಲ. ಅವಳಿಗೆ ಮೊದಲಿನಿಂದ ಬರುತ್ತಿತ್ತು, ಆಡುವುದಕ್ಕೆ ಜಾಗ ಇರಲಿಲ್ಲ.

ಮುಂದಿನ ಬೇಸಿಗೆಗೆ ಪ್ರವಾಸದ ಮಾತನ್ನೇ ಯಾರೂ ಎತ್ತಲಿಲ್ಲ. ಆ ಆಷಾಢದಲ್ಲಿ ಅಕ್ಕನಿಗೆ ಜ್ವರ ಬಂತು. ನಾನು ಸೀರೆ ತರಲು ಕಂಚಿಗೆ ಹೋಗಿದ್ದೆ. ಜ್ವರದಲ್ಲೂ ಎರಡು ಹೊತ್ತು ಕೊಟ್ಟಿಗೆಗೆ ಹೋಗಿ ಕೂತಿದ್ದಾಳೆ. ಬೇತಮಂಗಲದಮ್ಮ ನಾಲ್ಕು ಮನೆ ಆಚೆಗೇ ಇದ್ದಳು. ಅಂಗಿ ಮೊಳೆಯಲ್ಲಿತ್ತು. ಒಬ್ಬರೂ ಅವಳನ್ನು ಕರೆಯಲಿಲ್ಲ. ನನಗೆ ಫೋನು ಬರುವ ಹೊತ್ತಿಗೆ ಅಕ್ಕ ಆಸ್ಪತ್ರೆಯಲ್ಲಿದ್ದಳು, ನಾನು ತಲುಪುವ ಹೊತ್ತಿಗೆ ಇರಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಕೆಂಪಿ ಬೇರೆಯವರ ಕೈಗೆ ಹಾಲು ಬಿಡುವುದಿಲ್ಲವಲ್ಲ ಎಂದರು ಅತ್ತೆ. ಈ ಸಾಲು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತಿದ್ದೇನೆ.

ತಿಥಿಯ ದಿನ ಶಾಮಿಯಾನದ ಕೆಳಗೆ ನೆಂಟರೊಬ್ಬರು, "ಪುಣ್ಯಾತ್ಗಿತ್ತಿ, ಮನೆ ಬುಟ್ಟು ಎಲ್ಲೂ ಓದೋಳಲ್ಲ, ಒಂದೂ ಬೇಕು ಅಂದೋಳಲ್ಲ," ಎಂದು ಹೊಗಳಿದರು. ಭಾವ ತಲೆಯಾಡಿಸಿದರು. ನಾನು ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ. "ಓಗಿದ್ಲು. ಯೇರ್ಕಾಡ್‌ಗೆ. ಮುಂದಿನ ಸೀಟ್ನಲ್ಲಿ ಕುಂತಿದ್ಲು. ಬೇಕು ಅಂತ ಕೇಳೇ ಕುಂತಿದ್ಲು," ಎಂದೆ. ಮತ್ತೆ ಸೌಟು ಎತ್ತಿಕೊಂಡೆ.

ದೊಡ್ಡ ಕುಟುಂಬ ಕಟ್ಟಿಕೊಂಡು ಹೊರಡುವವರಿಗೆ ನನಗೆ ತಿಳಿದದ್ದು ಹೇಳುತ್ತೇನೆ. ಗಾಡಿ ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ, ಬೀಗದ ಕೈ ಯಾರ ಹತ್ತಿರ ಇರುತ್ತದೋ ಮಾತು ಅವರದೇ ನಡೆಯುತ್ತದೆ. ರಾಜ್ಯದ ಗಡಿ ದಾಟುವುದಾದರೆ ಕಾಗದಪತ್ರ ಹಿಂದಿನ ದಿನವೇ ನೋಡಿ. ಬೆಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಬರೀ ಬ್ರೇಕು ನಂಬಬೇಡಿ. ಹಸುವನ್ನು ಬೇರೆಯವರಿಗೆ ಒಪ್ಪಿಸುವುದಾದರೆ ಕರೆಯುವವರ ಬಟ್ಟೆ ಒಗೆಯಬಾರದೆಂದು ಬಾಯಿಬಿಟ್ಟು ಹೇಳಿ. ಇವೆಲ್ಲಕ್ಕಿಂತ ಮೊದಲು, ಸೀಟು ಎಣಿಸುವ ಮುಂಚೆ, ಮನೆಯಲ್ಲಿ ಉಳಿಯುವವರು ಯಾರು ಎಂದು ಜೋರಾಗಿ ಕೇಳಿ. "ಅವಳಿಗೆ ಇಷ್ಟ ಇಲ್ಲ" ಎಂದು ಬೇರೆಯವರು ಹೇಳಿದರೆ ಒಪ್ಪಬೇಡಿ, ಅವಳನ್ನೇ ಕೇಳಿ. ಅವಳೂ ಬೇಡ ಅಂದರೆ ಇನ್ನೊಂದು ಸಲ ಕೇಳಿ, ಎಲ್ಲಿ ಕೂರಿಸುತ್ತೀರಿ ಎಂದೂ ಹೇಳಿ. ಸಂತೆಯಲ್ಲಿ ಮೊದಲು ಹೇಳಿದ ದರವನ್ನು ನೀವು ಯಾರೂ ನಂಬುವುದಿಲ್ಲ. ಮನೆಯ ಹೆಂಗಸು ಮೊದಲು ಹೇಳಿದ "ಬೇಡ"ವನ್ನು ಮಾತ್ರ ಎಲ್ಲರೂ ಕೂಡಲೇ ನಂಬಿಬಿಡುತ್ತೀರಿ.